ಒಂದೇ ಕ್ರೈಸ್ತ ಶಾಲೆ, ಒಬ್ಬೊಬ್ಬ ಪೋಷಕರದು ಒಂದೊಂದು ಮಾತು: ಯಾರನ್ನು ನಂಬೋದು?

ಮಗಳಿಗೆ ಶಾಲೆ ಹುಡುಕುತ್ತಿದ್ದ ದಿನಗಳು. ಒಂದು ಖಾಸಗಿ ಕ್ರೈಸ್ತ ಶಾಲೆಯ ಬಗ್ಗೆ ಒಂದೇ ವಾರದಲ್ಲಿ ಎರಡು ಮಾತು ಕಿವಿಗೆ ಬಿದ್ದವು. ಒಬ್ಬ ತಾಯಿ, "ಯೋಚನೆನೇ ಮಾಡಬೇಡಿ, ಸೇರಿಸಿಬಿಡಿ, ಅಲ್ಲಿಗೆ ಹೋದ ಮೇಲೇ ನನ್ನ ಮಗ ಬಾಯಿ ಬಿಟ್ಟು ಮಾತಾಡೋಕೆ ಕಲಿತದ್ದು" ಎಂದರು. ಇನ್ನೊಬ್ಬರು, ಅವರೂ ಅದೇ ಶಾಲೆಯ ತಂದೆ, "ಆ ಕಡೆ ತಲೆ ಹಾಕಿಯೂ ಮಲಗಬೇಡಿ" ಎಂದರು. ಇಬ್ಬರೂ ಸುಳ್ಳು ಹೇಳುವವರಲ್ಲ. ಆಮೇಲೆ ಕೆದಕಿ ಕೇಳಿದಾಗ ವಿಷಯ ಗೊತ್ತಾಯಿತು. ಆ ತಾಯಿಯ ಮಗ 2ನೇ ಕ್ಲಾಸು, ಕೋಣೆಯಲ್ಲಿ 18 ಮಕ್ಕಳು, ತಾಳ್ಮೆಯ ಟೀಚರ್. ಈ ತಂದೆಯ ಮಗಳು 9ನೇ ಕ್ಲಾಸು, ಎಲ್ಲದಕ್ಕೂ 'ಯಾಕೆ' ಅನ್ನುವ ಹುಡುಗಿ, ಬೈಬಲ್ ಕ್ಲಾಸಿನಲ್ಲೂ ಹಾಗೇ ಕೇಳಿ ಪ್ರಿನ್ಸಿಪಾಲರ ಕೋಣೆಯ ಹೊರಗೆ ನಿಂತುಕೊಂಡವಳು.

ಹಾಗಾಗಿ ಮೊದಲ ಕೆಲಸ: "ಶಾಲೆ ಹೇಗಿದೆ?" ಅಂತ ಕೇಳೋದನ್ನು ಬಿಡಿ. ಹಾಗೆ ಕೇಳಿದರೆ 'ಸೂಪರ್' ಅಥವಾ 'ದಂಡ' ಎಂಬ ಉತ್ತರ ಬಿಟ್ಟು ಬೇರೇನೂ ಸಿಗುವುದಿಲ್ಲ. "ಏನಾಯ್ತು?" ಅಂತ ಕೇಳಿ. ಮಗು ಆಗ ಯಾವ ಕ್ಲಾಸಲ್ಲಿತ್ತು, ಯಾವ ವರ್ಷ, ನೀವು ಹೋಗಿ ಹೇಳಿದಾಗ ಶಾಲೆಯವರು ಏನು ಮಾಡಿದರು, ಆಗ ಇದ್ದ ಪ್ರಿನ್ಸಿಪಾಲ್ ಈಗಲೂ ಇದ್ದಾರಾ. ಈ ಕೊನೆಯ ಪ್ರಶ್ನೆ ಬಹಳ ಮುಖ್ಯ. ಖಾಸಗಿ ಶಾಲೆಯಲ್ಲಿ ಪ್ರಿನ್ಸಿಪಾಲ್ ಬದಲಾದರೆ ಶಾಲೆಯ ಗಾಳಿಯೇ ಬದಲಾಗುತ್ತದೆ. ಹಳೆಯ ಪ್ರಿನ್ಸಿಪಾಲ್ ಕಾಲದ ಹೊಗಳಿಕೆಗೂ ಬೈಗುಳಕ್ಕೂ ನಾನು ಅರ್ಧ ಬೆಲೆ ಮಾತ್ರ ಕೊಡುತ್ತೇನೆ.

ಇನ್ನೊಂದು ವಿಷಯ. 'ಕ್ರೈಸ್ತ ಶಾಲೆ' ಅಂದರೆ ಒಂದೇ ಬಗೆ ಅಂದುಕೊಂಡು ನಾವು ಪೆಟ್ಟು ತಿನ್ನುತ್ತೇವೆ. ಕ್ಯಾಥೊಲಿಕ್ ಪಾದ್ರಿಗಳ ಒಂದು ಸಭೆಯಾದ (ಸಭೆ ಅಂದರೆ ಇಲ್ಲಿ ಧಾರ್ಮಿಕ ಸಂಘ) ಜೆಸ್ಯೂಟರು 1548ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಕಾಲೇಜು ತೆರೆದಾಗಿನಿಂದ ಓದು, ವಾದ, ಬರವಣಿಗೆಗೆ ಒತ್ತು ಕೊಡುತ್ತಾ ಬಂದವರು. ಇಟಲಿಯ ಪಾದ್ರಿ ಡಾನ್ ಬಾಸ್ಕೊ 1859ರಲ್ಲಿ ಟ್ಯೂರಿನ್‌ನಲ್ಲಿ ಕಟ್ಟಿದ ಸಲೇಷಿಯನ್ ಸಭೆಯ ದಾರಿಯೇ ಬೇರೆ. ತಪ್ಪು ಮಾಡಿದ ಮೇಲೆ ಹೊಡೆಯೋದಲ್ಲ, ತಪ್ಪಾಗದ ಹಾಗೆ ದೊಡ್ಡವರು ಮಕ್ಕಳ ನಡುವೆಯೇ ಇರಬೇಕು ಅನ್ನೋದು ಅವರ ಪದ್ಧತಿ. ಇನ್ನು 1970ರಲ್ಲಿ ಅಮೆರಿಕದಲ್ಲಿ ಶುರುವಾದ 'ಆಕ್ಸಿಲರೇಟೆಡ್ ಕ್ರಿಶ್ಚಿಯನ್ ಎಜುಕೇಷನ್' ಪದ್ಧತಿಯಲ್ಲಿ ಟೀಚರ್ ನಿಂತು ಪಾಠ ಮಾಡುವುದೇ ಕಡಿಮೆ. ಪ್ರತಿ ಮಗುವೂ ಅಡ್ಡಹಲಗೆ ಹಾಕಿದ ತನ್ನ ಮೇಜಿನಲ್ಲಿ ಕೂತು ಚಿಕ್ಕ ಚಿಕ್ಕ ಪುಸ್ತಕಗಳನ್ನು ತಾನೇ ಓದಿ ಮುಗಿಸುತ್ತದೆ, ಸಹಾಯ ಬೇಕಾದರೆ ಒಂದು ಪುಟ್ಟ ಬಾವುಟ ಎತ್ತಿಡುತ್ತದೆ. ತನ್ನ ಪಾಡಿಗೆ ಓದುವ ಮಗುವಿಗೆ ಅದು ಹಬ್ಬ. ನಾಲ್ಕು ಜನರ ಜೊತೆ ಮಾತಾಡುತ್ತಾ ಕಲಿಯುವ ಮಗುವಿಗೆ ಸೆರೆಮನೆ. ಯಾರಾದರೂ "ಕ್ರೈಸ್ತ ಶಾಲೆ ಅಂದ್ರೆ ಹಾಗೇನೇ" ಅಂದರೆ, ಅವರು ನೋಡಿದ್ದು ಇವುಗಳಲ್ಲಿ ಯಾವುದನ್ನು ಅಂತ ಕೇಳಿ. ಶಾಲೆಯನ್ನು ನಡೆಸುವವರು ಯಾರು, ಒಂದು ಸಭೆಯೋ, ಒಂದು ಚರ್ಚೋ, ಒಂದು ಕುಟುಂಬದ ಟ್ರಸ್ಟೋ, ಅದನ್ನೂ ತಿಳಿದುಕೊಳ್ಳಿ.

ವಿಜ್ಞಾನದ ಪಾಠದಲ್ಲೂ ಇದೇ ಕಥೆ. ಕ್ಯಾಥೊಲಿಕ್ ಚರ್ಚಿಗೆ ವಿಕಾಸವಾದದ ಜೊತೆ ಜಗಳ ಇಲ್ಲ. ಪೋಪ್ ಎರಡನೇ ಜಾನ್ ಪಾಲ್ 1996ರಲ್ಲೇ ಅದು ಬರೀ ಊಹೆಯಲ್ಲ ಎಂದು ಒಪ್ಪಿ ಹೇಳಿದ್ದರು. ಆದರೆ ಕೆಲವು ಇವ್ಯಾಂಜಲಿಕಲ್ (ಬೈಬಲ್ಲೇ ಎಲ್ಲಕ್ಕೂ ಆಧಾರ ಅನ್ನುವ ಪ್ರೊಟೆಸ್ಟಂಟ್ ಪಂಗಡಗಳ) ಶಾಲೆಗಳು ಭೂಮಿಗೆ ಕೆಲವೇ ಸಾವಿರ ವರ್ಷ ವಯಸ್ಸು ಅಂತಲೇ ಕಲಿಸುತ್ತವೆ. ಜಾಸ್ತಿ ವಾದ ಬೇಡ, ಹೈಸ್ಕೂಲಿನ ಜೀವಶಾಸ್ತ್ರದ ಪುಸ್ತಕ ಕೊಡಿ ಅಂತ ಕೇಳಿ ಹತ್ತು ನಿಮಿಷ ತಿರುವಿ ನೋಡಿ.

ಈಗ ಮಾತು ಹೇಳುವವರ ಮನೆ ಕಡೆ ಬರೋಣ. ಆ ಶಾಲೆಯ ಪಂಗಡಕ್ಕೇ ಸೇರಿದ ಮನೆಯವರಿಗೆ ಬೆಳಗಿನ ಪ್ರಾರ್ಥನೆ ಅಂದರೆ ಉಸಿರಾಟದ ಹಾಗೆ, ಅದರ ಬಗ್ಗೆ ಅವರು ಹೇಳುವುದೇ ಇಲ್ಲ. ಬೇರೆ ಧರ್ಮದ ಮನೆಯವರಿಗೆ ಅದೇ ಮೊದಲು ಕಣ್ಣಿಗೆ ಬೀಳುವುದು. ತಮಾಷೆ ಅಂದರೆ, ನಾನು ಕೇಳಿದ ಕಟುವಾದ ದೂರುಗಳಲ್ಲಿ ಕೆಲವು ಕ್ರೈಸ್ತ ಮನೆಗಳಿಂದಲೇ ಬಂದವು: "ಹೆಸರಿಗೆ ಮಾತ್ರ ಕ್ರೈಸ್ತ, ಒಳಗೆಲ್ಲ ಬರೀ ಪರೀಕ್ಷೆಯ ಮಾರ್ಕ್ಸಿನ ಧ್ಯಾನ." ಬೇರೆ ಧರ್ಮದ ಒಬ್ಬ ತಾಯಿ ಅದನ್ನೇ ಹೊಗಳಿದ್ದರು! ನಿಮ್ಮ ಮನೆಯನ್ನು ಹೋಲುವ ಮನೆಗಳ ಕನಿಷ್ಠ ಇಬ್ಬರ ಹತ್ತಿರ ಮಾತಾಡಿ. ಅವರಲ್ಲಿ ಶಾಲೆ ಬಿಟ್ಟು ಹೋದವರು ಒಬ್ಬರಾದರೂ ಇರಲಿ. ಶಾಲೆಯವರೇ ನಂಬರ್ ಕೊಡುವ ಪೋಷಕರು ಶಾಲೆಯನ್ನು ಬೈಯ್ಯೋದಿಲ್ಲ, ಅಲ್ವಾ?

ಅಡ್ಮಿಷನ್ ಫಾರ್ಮಿನ ಜೊತೆ ಬರುವ ಕಾಗದಗಳನ್ನು ಸಹಿ ಹಾಕುವ ಮೊದಲು ಓದಿ. ಕೆಲವು ಶಾಲೆಗಳಲ್ಲಿ ನಂಬಿಕೆಯ ಹೇಳಿಕೆ ಅಂತ ಒಂದು ಪುಟ ಇರುತ್ತದೆ. ಅದಕ್ಕೆ ಸಹಿ ಟೀಚರುಗಳದು ಮಾತ್ರವೋ, ಪೋಷಕರದೂ ಬೇಕೋ, ನೋಡಿ. ಮಗು ಮತ್ತು ಮನೆಯವರು ಶಾಲೆಯ ಹೊರಗೆ ಹೇಗೆ ನಡೆದುಕೊಳ್ಳಬೇಕು ಅಂತಲೂ ಕೆಲವರು ಬರೆಸಿಕೊಳ್ಳುತ್ತಾರೆ. ಆಮೇಲೆ "ಹೀಗೆ ಅಂತ ಗೊತ್ತಿರಲಿಲ್ಲ" ಅನ್ನುವ ಜಗಳಗಳು ಹುಟ್ಟೋದು ಇಲ್ಲೇ. ಪ್ರಾರ್ಥನೆ, ಬೈಬಲ್ ಕ್ಲಾಸು ಕಡ್ಡಾಯವೇ ಅನ್ನೋದಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ಉತ್ತರ. ಭಾರತದ ಸಂವಿಧಾನದ 28(3)ನೇ ವಿಧಿಯ ಪ್ರಕಾರ ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆ, ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ, ಪೂಜೆಗೆ ಕೂರಿಸುವಂತಿಲ್ಲ. ಅಮೆರಿಕದಲ್ಲಿ ಖಾಸಗಿ ಶಾಲೆ ಅದನ್ನು ಕಡ್ಡಾಯ ಮಾಡಬಹುದು, ಧರ್ಮವನ್ನು ಹೇರಬಾರದು ಎಂಬ ಅಲ್ಲಿನ ಸಂವಿಧಾನದ ತಡೆ ಇರುವುದು ಸರ್ಕಾರಕ್ಕೆ. ಬಾಯಿಮಾತಿನ "ಅಡ್ಜಸ್ಟ್ ಮಾಡ್ಕೊಳ್ಳೋಣ" ನಂಬಬೇಡಿ, ಒಂದು ಈಮೇಲ್‌ನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ.

ನನ್ನ ಪ್ರಕಾರ ಪೋಷಕರ ಮಾತು ಅತಿ ಹೆಚ್ಚು ಬೇರೆಯಾಗೋದು ಎರಡು ಜಾಗದಲ್ಲಿ. ಒಂದು, ಓದಿನಲ್ಲಿ ಹೆಚ್ಚಿನ ಸಹಾಯ ಬೇಕಾದ ಮಕ್ಕಳು. ಅಕ್ಷರ ಕೂಡಿಸಲು ಕಷ್ಟಪಡುವ, ಒಂದು ಕಡೆ ಕೂರಲಾಗದ ಮಗುವಿನ ತಾಯಿಗೆ ಒಂದು ಶಾಲೆ ದೇವರ ಹಾಗೆ ಕಂಡಿದ್ದರೆ, ಅಲ್ಲಿ ಯಾರೋ ಒಬ್ಬ ಟೀಚರ್ ಮನಸ್ಸಿಟ್ಟು ಮಾಡಿರುತ್ತಾರೆ. ಆ ಟೀಚರ್ ಹೋದರೆ ಮುಗಿಯಿತು. ಖಾಸಗಿ ಶಾಲೆಗೆ ಈ ವಿಷಯದಲ್ಲಿ ಕಾನೂನಿನ ಹೊಣೆ ಕೆಲವು ಕಡೆ ಕಡಿಮೆ. ಅಮೆರಿಕದ ಅಂಗವಿಕಲರ ಹಕ್ಕಿನ 1990ರ ಕಾಯ್ದೆಯಲ್ಲಿ ಖಾಸಗಿ ಸಂಸ್ಥೆಗಳಿಗೆ ಸಂಬಂಧಿಸಿದ ಭಾಗವು ಧಾರ್ಮಿಕ ಸಂಸ್ಥೆಗಳು ನಡೆಸುವ ಶಾಲೆಗಳಿಗೆ ಅನ್ವಯಿಸುವುದೇ ಇಲ್ಲ. "ನಾವು ಎಲ್ಲ ಮಕ್ಕಳನ್ನೂ ಪ್ರೀತಿಸುತ್ತೇವೆ" ಅನ್ನೋದು ಉತ್ತರ ಅಲ್ಲ. ಇದಕ್ಕೆ ತರಬೇತಿ ಪಡೆದವರು ಎಷ್ಟು ಜನ, ವಾರಕ್ಕೆ ಎಷ್ಟು ಗಂಟೆ, ಹೋದ ವರ್ಷ ಅಂಥ ಎಷ್ಟು ಮಕ್ಕಳು ಶಾಲೆ ಬಿಟ್ಟರು, ಇದನ್ನು ಕೇಳಿ.

ಎರಡನೆಯದು ದೂರಿನ ದಾರಿ. ಚರ್ಚ್, ಆಡಳಿತ ಮಂಡಳಿ, ಪ್ರಿನ್ಸಿಪಾಲ್, ಮೂರು ಕಡೆಯೂ ಅದೇ ನಾಲ್ಕು ಜನ ಇದ್ದರೆ, ಅವರಲ್ಲೇ ಒಬ್ಬರ ಮೇಲೆ ದೂರು ಇದ್ದಾಗ ಅದನ್ನು ಕೊಡೋದು ಯಾರಿಗೆ? ಮಗುವಿಗೆ ಯಾರಾದರೂ ಹೊಡೆದರೆ, ಮುಟ್ಟಬಾರದ ಹಾಗೆ ಮುಟ್ಟಿದರೆ, ಶಾಲೆ ತಾನೇ ವಿಚಾರಣೆ ಮಾಡಿ ಮುಚ್ಚಿಡುತ್ತದೋ, ಹೊರಗಿನ ಅಧಿಕಾರಿಗಳಿಗೆ ತಿಳಿಸುತ್ತದೋ? ಬರೆದಿಟ್ಟ ನಿಯಮ ತೋರಿಸಿ ಅನ್ನಿ. "ನಮ್ಮಲ್ಲಿ ಅಂಥದ್ದೆಲ್ಲ ಆಗೋದಿಲ್ಲ" ಎಂಬ ಉತ್ತರ ಬಂದರೆ ನಾನಂತೂ ಎದ್ದು ಬರುತ್ತೇನೆ. ಕ್ಯಾಥೊಲಿಕ್ ಶಾಲೆಯವರು "ನೀವು ತಲೆ ಹಾಕಬೇಡಿ" ಅಂದರೆ ಒಂದು ಮಾತು ನೆನಪಿಸಬಹುದು: ಮಗುವಿನ ಮೊದಲ ಗುರು ತಂದೆ ತಾಯಿಯೇ ಅಂತ 1965ರಲ್ಲಿ ಎರಡನೇ ವ್ಯಾಟಿಕನ್ ಸಮಾವೇಶದ (ಕ್ಯಾಥೊಲಿಕ್ ಬಿಷಪ್ಪರ ಮಹಾಸಭೆಯ) ಶಿಕ್ಷಣದ ಘೋಷಣೆಯೇ ಹೇಳಿದೆ.

ಫೀಸಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. ವರ್ಷದ ಮಧ್ಯೆ ಬಿಟ್ಟರೆ ಎಷ್ಟು ವಾಪಸ್ ಬರುತ್ತದೆ, ಒಂದೇ ಮನೆಯ ಎರಡನೇ ಮಗುವಿಗೆ ರಿಯಾಯಿತಿ ಇದೆಯಾ, ಇಷ್ಟು ಕೇಳಿದರೆ ಸಾಕು.

ಶಾಲೆ ನೋಡಲು ಹೋಗೋದಾದರೆ ಅಲಂಕಾರ ಮಾಡಿದ ದಿನ ಬೇಡ. ಮಾಮೂಲಿ ದಿನ, ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಸುಮ್ನೆ ನಿಂತುಕೊಳ್ಳಿ. ಟೀಚರ್ ಎದುರು ಬಂದಾಗ ಮಕ್ಕಳು ಮಾತು ನಿಲ್ಲಿಸುತ್ತಾರೋ, ಇನ್ನೂ ಜೋರಾಗಿ ಹೇಳಿಕೊಳ್ಳಲು ಶುರು ಮಾಡುತ್ತಾರೋ, ಅಷ್ಟು ನೋಡಿ. ಪರಿಚಯದ ದೊಡ್ಡ ಮಕ್ಕಳು ಯಾರಾದರೂ ಅಲ್ಲಿ ಓದುತ್ತಿದ್ದರೆ, ಬೈಬಲ್ ಕ್ಲಾಸಿನಲ್ಲಿ ಒಪ್ಪಿಗೆ ಇಲ್ಲದ ಪ್ರಶ್ನೆ ಕೇಳಿದರೆ ಏನಾಗುತ್ತದೆ ಅಂತ ಕೇಳಿ.

ನಾವು ಕೊನೆಗೆ ಪ್ರಿನ್ಸಿಪಾಲರ ಹತ್ತಿರವೇ ಹೋಗಿ, "ನಿಮ್ಮ ಶಾಲೆ ಯಾವ ಥರದ ಮಗುವಿಗೆ ಸರಿಹೋಗೋದಿಲ್ಲ?" ಅಂತ ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಎದುರು ವಾದ ಮಾಡುವ ದೊಡ್ಡ ಮಕ್ಕಳನ್ನು ನಮ್ಮ ಕೆಲವು ಟೀಚರುಗಳಿಗೆ ಇನ್ನೂ ಸರಿಯಾಗಿ ನೋಡಿಕೊಳ್ಳೋಕೆ ಬರೋದಿಲ್ಲ" ಎಂದರು. ಆ ತಂದೆ ಹೇಳಿದ್ದು ನಿಜವಾಗಿತ್ತು. ನಮ್ಮ ಮಗಳಿಗೆ ಆಗ 6 ವರ್ಷ. ಸೇರಿಸಿದೆವು, 8ನೇ ಕ್ಲಾಸಿಗೆ ಬಂದಾಗ ಮತ್ತೆ ಯೋಚಿಸೋಣ ಅಂತ ಮಾತಾಡಿಕೊಂಡು.