ನೊರೆ ನಿಲ್ಲದಿದ್ದದ್ದು ಸೋಪಿನ ತಪ್ಪಲ್ಲ

ಎರಡು ವರ್ಷ ನಾನು ಒಂದು ಸೋಪನ್ನು ಕೆಟ್ಟದ್ದೆಂದೇ ನಂಬಿದ್ದೆ. ಇಂಗ್ಲೆಂಡಿನಲ್ಲಿ ತಯಾರಾದ, ದುಂಡಗಿನ, ಕಲ್ಲಿನಷ್ಟು ಗಟ್ಟಿಯಾದ ಶೇವಿಂಗ್ ಸೋಪು. ಬೆಂಗಳೂರಿನ ನಮ್ಮ ಫ್ಲ್ಯಾಟಿನ ಬಚ್ಚಲಲ್ಲಿ ಅದನ್ನು ಎಷ್ಟು ತಿಕ್ಕಿದರೂ ಬ್ರಷ್ಷಿನ ತುದಿಗೆ ಬರುತ್ತಿದ್ದದ್ದು ತೆಳುವಾದ, ಬೂದು ಬಣ್ಣದ ನೊರೆ. ಅದೂ ಕೆನ್ನೆಗೆ ಹಚ್ಚುವಷ್ಟರಲ್ಲಿ ಆರಿಹೋಗುತ್ತಿತ್ತು. ದುಡ್ಡು ದಂಡವಾಯಿತು ಅಂದುಕೊಂಡು ಡಬ್ಬಿಯನ್ನು ಕಪಾಟಿನ ಹಿಂದಕ್ಕೆ ತಳ್ಳಿದ್ದೆ.

ಆಮೇಲೊಂದು ಮಳೆಗಾಲ, ಸಾಗರದ ಹತ್ತಿರದ ನಮ್ಮೂರಿಗೆ ಹೊರಟಾಗ ದಿನಾ ಬಳಸುವ ಸೋಪು ಮುಗಿದಿತ್ತು. ಇದನ್ನೇ ಚೀಲಕ್ಕೆ ಹಾಕಿಕೊಂಡೆ. ಬಾವಿಯ ನೀರು, ಹಂಡೆಯಲ್ಲಿ ಕಾದದ್ದು. ಸೋಪಿನ ಮೇಲೆ ಬ್ರಷ್ಷನ್ನು ಇಪ್ಪತ್ತು ಸುತ್ತು ತಿರುಗಿಸಿರಬೇಕು, ಗಟ್ಟಿ ಮೊಸರಿನಂಥ ನೊರೆ ಬ್ರಷ್ ತುಂಬ ಬಂದು ಡಬ್ಬಿಯ ಅಂಚಿನಿಂದ ಇಳಿಯತೊಡಗಿತು. ಮುಖಕ್ಕೆ ಹಚ್ಚಿದೆ, ಅಲ್ಲೇ ನಿಂತಿತು. ಅಮ್ಮ ಕಾಫಿಗೆ ಕರೆದಳೆಂದು ಹಾಗೇ ಒಳಗೆ ಹೋಗಿ ಎರಡು ಮಾತಾಡಿ ಬಂದರೂ ಆರಿರಲಿಲ್ಲ. ಅದೇ ಸೋಪು, ಅದೇ ಬ್ರಷ್, ಅದೇ ಕೈ. ಬದಲಾಗಿದ್ದದ್ದು ನೀರೊಂದೇ.

ಶೇವಿಂಗ್ ಸೋಪು ಯಾವುದು ಒಳ್ಳೆಯದು ಎಂದು ಯಾರು ಕೇಳಿದರೂ ನಾನು ಮೊದಲು ಕೇಳುವುದು, ನಿಮ್ಮ ಮನೆಗೆ ಯಾವ ನೀರು ಬರುತ್ತದೆ ಎಂದು.

ಈ ಹವ್ಯಾಸಕ್ಕೆ ನಾನು ಬಿದ್ದದ್ದು ಕುತ್ತಿಗೆಯ ಗುಳ್ಳೆಗಳಿಂದ. ಸಾಲಾಗಿ ಮೂರು ನಾಲ್ಕು ಬ್ಲೇಡಿರುವ ಕಾರ್ಟ್ರಿಜ್ ರೇಜರಿನಲ್ಲಿ ಕೆಳಗಿನಿಂದ ಮೇಲಕ್ಕೆ ಎಳೆದು, ಗಡ್ಡದ ಕೂದಲು ಚರ್ಮದೊಳಗೇ ಸುರುಳಿ ಸುತ್ತಿ ಬೆಳೆದು, ಕಾಲರ್ ತಗುಲಿದರೆ ಉರಿ. ಊರಿನ ಸಲೂನಿನಲ್ಲಿ ಕಟಿಂಗಿಗೆ ಕೂತಾಗ ಅಂಗಡಿಯ ಅಣ್ಣ ಕುತ್ತಿಗೆ ಮುಟ್ಟಿ ನೋಡಿ ಕೇಳಿದರು: "ತಮ್ಮಾ, ಗಡ್ಡ ಯಾವ ಕಡೆಗೆ ಬೆಳ್ದಿದೆ ಅಂತ ಕೈಯಾಡಿಸಿ ನೋಡಿದೀಯಾ?" ನೋಡಿರಲಿಲ್ಲ. ಅವರೇ ನನ್ನ ಬೆರಳು ಹಿಡಿದು ಎಡಗಡೆ ಕುತ್ತಿಗೆಯ ಮೇಲೆ ಆಡಿಸಿದರು. ಅಲ್ಲಿ ಕೂದಲು ಕೆಳಕ್ಕಲ್ಲ, ಅಡ್ಡಡ್ಡ, ಕಿವಿಯ ಕಡೆಗೆ ಬೆಳೆದಿತ್ತು. "ಅದು ಹೋದ ಕಡೆಗೇ ನೀನೂ ಹೋಗು. ನೆನೆಸೋದಕ್ಕೆ ಮಾತ್ರ ಅವಸರ ಮಾಡಬೇಡ." ಇವತ್ತಿಗೂ ನಾನು ಪಾಲಿಸುವುದು ಅದನ್ನೇ. ಗಡ್ಡದ ಕೂದಲು ಒಣಗಿದ್ದಾಗ ಬಿರುಸು. ಎರಡು ಮೂರು ನಿಮಿಷ ಬೆಚ್ಚಗಿನ ನೀರು ಕುಡಿದರೆ ಉಬ್ಬಿ ಮೆತ್ತಗಾಗುತ್ತದೆ. ಸೋಪಿನ ನೊರೆಯ ಕೆಲಸ ಆ ನೀರು ಆರದಂತೆ ಹಿಡಿದಿಡುವುದು ಮತ್ತು ಬ್ಲೇಡು ಜಾರುವಂತೆ ಮಾಡುವುದು.

ರೇಜರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡೂ ಅಂಚು ಹರಿತವಿರುವ ಒಂದೇ ಬ್ಲೇಡಿನ ಸೇಫ್ಟಿ ರೇಜರ್ ನನ್ನದು. ಕಿಂಗ್ ಕ್ಯಾಂಪ್ ಜಿಲೆಟ್ 1904ರಲ್ಲಿ ಪೇಟೆಂಟ್ ಪಡೆದ ಆ ರಚನೆ ಮೂಲದಲ್ಲಿ ಈಗಲೂ ಹಾಗೇ ಇದೆ. ಬ್ಲೇಡು ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಒತ್ತಬಾರದು, ರೇಜರಿನ ತೂಕವೇ ಕೊಯ್ಯಬೇಕು, ಅಷ್ಟು ಗೊತ್ತಿದ್ದರೆ ಸಾಕು. ತಿಂಗಳೊಂದರಲ್ಲಿ ಕೈ ಪಳಗುತ್ತದೆ. ಸೋಪು ಹಾಗಲ್ಲ.

ಊರಿನಿಂದ ಮರಳಿದ ಮೇಲೆ ನಮ್ಮ ಅಪಾರ್ಟ್‌ಮೆಂಟಿನ ನೀರಿನ ಪರೀಕ್ಷಾ ವರದಿ ಕೇಳಿ ಪಡೆದೆ. ಗಡಸುತನ ಲೀಟರಿಗೆ 480 ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಅಪೇಕ್ಷಣೀಯ ಮಿತಿ 200, ಬೇರೆ ನೀರೇ ಇಲ್ಲದಾಗ 600ರವರೆಗೆ. ನಮ್ಮದು ಬೋರ್‌ವೆಲ್ ನೀರು, ಕಾವೇರಿ ಸಂಪರ್ಕ ಇಲ್ಲ. ಗೀಸರಿನ ರಾಡಿನ ಮೇಲೆ ಸುಣ್ಣದ ಪದರ ಕಟ್ಟುತ್ತದಲ್ಲ, ಆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಮ್ಮೇ ಇಲ್ಲಿಯೂ ಆಟವಾಡುತ್ತಿದ್ದದ್ದು. ಸೋಪಿನಲ್ಲಿರುವ ಕೊಬ್ಬಿನ ಆಮ್ಲವನ್ನು ಅವು ಹಿಡಿದುಕೊಂಡು ನೀರಿನಲ್ಲಿ ಕರಗದ ಜಿಡ್ಡಾಗುತ್ತವೆ. ಬಕೆಟ್ಟಿನ ಅಂಚಿಗೆ ಮೆತ್ತಿಕೊಳ್ಳುವ ಬಿಳಿ ಗಷ್ಟು ಅದೇ. ನೀರಿನಲ್ಲಿರುವ ಕ್ಯಾಲ್ಸಿಯಂ ತನ್ನ ಪಾಲು ತಿಂದು ಮುಗಿಸಿದ ಮೇಲೆ ಉಳಿದ ಸೋಪಷ್ಟೇ ನೊರೆಯಾಗಬೇಕು. ನಾನು ಬ್ರಷ್ಷಿಗೆ ಹತ್ತಿಸುತ್ತಿದ್ದ ಅಷ್ಟಿಷ್ಟು ಸೋಪು ಅದರ ಹೊಟ್ಟೆಗೇ ಸಾಲುತ್ತಿರಲಿಲ್ಲ.

ಉಪಾಯ ಕಷ್ಟದ್ದಲ್ಲ. ಅಡುಗೆಮನೆಯ ಆರ್‌ಓ ಫಿಲ್ಟರಿನ ನೀರು ಒಂದು ಲೋಟ ಬಿಸಿ ಮಾಡಿಕೊಂಡು ಬಚ್ಚಲಿಗೆ ಒಯ್ಯುತ್ತೇನೆ. ಮುಖ ತೊಳೆಯಲು ನಲ್ಲಿ ನೀರು, ಬ್ರಷ್ ನೆನೆಸಲು ಮತ್ತು ನೊರೆ ಕಟ್ಟಲು ಲೋಟದ ನೀರು. ಫಿಲ್ಟರ್ ಇಲ್ಲದವರು ನೀರು ಕುದಿಸಿ, ಆರಿಸಿ, ಮೇಲಿನದನ್ನು ಬಗ್ಗಿಸಿಕೊಳ್ಳಬಹುದು. ಗಡಸುತನದ ಒಂದು ಭಾಗ ತಳದಲ್ಲಿ ಕೂರುತ್ತದೆ, ಪೂರ್ತಿ ಹೋಗುವುದಿಲ್ಲ. ಮಳೆನೀರು ಹಿಡಿಯುವ ಮನೆಯವರಿಗೆ ಈ ಚಿಂತೆಯೇ ಇಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ ನಮಗೂ ಟ್ಯಾಂಕರ್ ನೀರು ಬರುತ್ತಿದ್ದಾಗ, ಪ್ರತಿ ಟ್ಯಾಂಕರಿನ ನೀರೂ ಬೇರೆ. ಯಾವ ದಿನ ಎಂಥ ನೀರು ಬಂದಿದೆ ಎಂಬುದು ನನಗೆ ಬ್ರಷ್ಷಿನಿಂದಲೇ ತಿಳಿಯುತ್ತಿತ್ತು.

ಇನ್ನು ಸೋಪಿನ ಆಯ್ಕೆ. ನಾನು ಮೊದಲು ಡಬ್ಬಿಯ ಹಿಂದಿನ ಪಟ್ಟಿ ಓದುತ್ತೇನೆ. ಹೆಚ್ಚಿರುವುದನ್ನು ಮೊದಲು ಬರೆದಿರುತ್ತಾರೆ. ಸ್ಟಿಯರಿಕ್ ಆಮ್ಲ ಮೇಲಿನ ಸಾಲಿನಲ್ಲಿದ್ದರೆ ನೊರೆ ದಪ್ಪವಾಗಿರುತ್ತದೆ, ಬೇಗ ಇಳಿಯುವುದಿಲ್ಲ. ಕೊಬ್ಬರಿ ಎಣ್ಣೆಯ ಅಂಶ ಇದ್ದರೆ ನೊರೆ ಬೇಗ ಏಳುತ್ತದೆ, ಆದರೆ ಅದೊಂದೇ ಹೆಚ್ಚಾದರೆ ದೊಡ್ಡ ಗುಳ್ಳೆಯ ಹಗುರ ನೊರೆ, ಚರ್ಮವೂ ಬಿಗಿಯುತ್ತದೆ. ಗ್ಲಿಸರಿನ್ ತೇವ ಹಿಡಿಯುತ್ತದೆ. ಪೊಟ್ಯಾಸಿಯಂ ಹೈಡ್ರಾಕ್ಸೈಡಿನಿಂದ ಮಾಡಿದ ಸೋಪು ಮೆತ್ತಗಿದ್ದು ನೀರಿಗೆ ಸುಲಭವಾಗಿ ಕರಗುತ್ತದೆ. ಮೈಗೆ ಹಚ್ಚುವ ಸೋಪು ಬಹುಪಾಲು ಸೋಡಿಯಂನದ್ದು. ಮೈಸೂರು ಸ್ಯಾಂಡಲ್ ಸೋಪಿನ ಪರಿಮಳ ನನಗೆ ಪ್ರಾಣ, ಒಮ್ಮೆ ಅದರಲ್ಲೇ ಶೇವ್ ಮಾಡಿಯೂ ನೋಡಿದೆ. ನೊರೆ ಬಂತು, ನಿಲ್ಲಲಿಲ್ಲ. ಅದು ಸ್ನಾನಕ್ಕೆಂದು ಮಾಡಿದ ಸೋಪು, ಸ್ನಾನಕ್ಕೇ ಚೆಂದ.

ಪಟ್ಟಿಯಲ್ಲಿ ಟ್ಯಾಲೋ ಅಥವಾ ಟ್ಯಾಲೋವೇಟ್ ಎಂದಿದ್ದರೆ ಅದು ಪ್ರಾಣಿಯ ಕೊಬ್ಬು, ಸಾಮಾನ್ಯವಾಗಿ ದನದ್ದು ಅಥವಾ ಕುರಿಯದ್ದು. ಅದರ ಜಾರುಗುಣಕ್ಕೆ ಮಾರುಹೋದವರು ಬಹಳ. ಬೇಡ ಎನ್ನುವವರು ಸಸ್ಯದ ಎಣ್ಣೆಯದ್ದನ್ನು ನೋಡಿ ತೆಗೆದುಕೊಳ್ಳಲಿ, ನಮ್ಮ ಮನೆಯಲ್ಲಿ ಹಾಗೇ. ಬ್ರಷ್ಷಿಗೂ ಈ ಮಾತು ಸಲ್ಲುತ್ತದೆ. ಹಂದಿಯ ಕೂದಲಿನದ್ದು ಇದೆ, ಬ್ಯಾಡ್ಜರ್ ಎಂಬ ಪ್ರಾಣಿಯದ್ದು ಇದೆ, ನಾನು ಬಳಸುವುದು ಸಿಂಥೆಟಿಕ್. ಮಲೆನಾಡಿನ ಜುಲೈನಲ್ಲಿ ಪ್ರಾಣಿ ಕೂದಲಿನ ಬ್ರಷ್ ಒಣಗಲು ಎರಡು ದಿನ ಬೇಕು, ಸಿಂಥೆಟಿಕ್ ಸಂಜೆಗೆ ಒಣಗಿರುತ್ತದೆ.

ಹೊಸಬರು ಮೊದಲೇ ಗಟ್ಟಿ ಸೋಪಿಗೆ ಹೋಗಬೇಡಿ. ಇಟಲಿಯ ಪ್ರೊರಾಸೊದಂಥ ಮೆತ್ತಗಿನದ್ದು ಕೈ ಕಲಿಯಲು ಒಳ್ಳೆಯದು. ಅದರ ಹಸಿರು ಡಬ್ಬಿಯಲ್ಲಿ ನೀಲಗಿರಿ ಎಣ್ಣೆ ಮತ್ತು ಮೆಂಥಾಲ್ ಇದೆ, ಏಪ್ರಿಲ್ ಸೆಖೆಗೆ ಮುಖ ತಣ್ಣಗಾಗುತ್ತದೆ. ಮೆಂಥಾಲ್ ಆಗದವರಿಗೆ ಅದೇ ಉರಿ, ಹಾಗಾಗಿ ಮೊಣಕೈಯ ಒಳಬದಿಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಗಡಸು ನೀರು ಬಿಟ್ಟು ಬೇರೆ ದಾರಿಯೇ ಇಲ್ಲದ ಬಾಡಿಗೆ ರೂಮಿನವರಿಗೆ ನಾನು ಹೇಳುವುದು ಕಡ್ಡಿಯ ರೂಪದ ಸೋಪು. ತುರ್ಕಿಯ ಆರ್ಕೊ 75 ಗ್ರಾಮಿನ ಅಂಥದ್ದೊಂದು ಕಡ್ಡಿ, ಟ್ಯಾಲೋ ಇದೆಯೇ ಎಂದು ಪಟ್ಟಿ ನೋಡಿಕೊಳ್ಳಿ. ನೆನೆದ ಗಡ್ಡಕ್ಕೆ ನೇರ ತಿಕ್ಕುವುದರಿಂದ ಸೋಪು ಧಾರಾಳವಾಗಿ ಹತ್ತುತ್ತದೆ, ಕ್ಯಾಲ್ಸಿಯಂ ತಿಂದರೂ ಮಿಗುತ್ತದೆ.

ಗಟ್ಟಿ ಸೋಪಿನಲ್ಲಿ ನಾನು ನೊರೆ ಕಟ್ಟುವ ಬಗೆ ಹೀಗೆ. ಸ್ನಾನಕ್ಕೆ ಹೋಗುವ ಮೊದಲು ಸೋಪಿನ ಮೇಲೆ ಒಂದು ಚಮಚ ಬಿಸಿನೀರು ಹಾಕಿಡುತ್ತೇನೆ. ಬಂದಮೇಲೆ ಆ ನೀರು ಚೆಲ್ಲಿ, ನೆನೆದ ಬ್ರಷ್ಷನ್ನು ಎರಡು ಸಲ ಕೊಡವಿ ಸೋಪಿನ ಮೇಲೆ ಸುತ್ತಿಸುತ್ತೇನೆ, ಅರ್ಧ ನಿಮಿಷಕ್ಕೆ ಕಡಿಮೆಯಿಲ್ಲದಂತೆ. ಮೊದಲು ಗುಳ್ಳೆ ಏಳುತ್ತದೆ, ಅದಕ್ಕೆ ಮರುಳಾಗಬಾರದು. ಗುಳ್ಳೆ ಅಡಗಿ ಬ್ರಷ್ಷಿಗೆ ಅಂಟಂಟಾದ ಹಿಟ್ಟಿನಂಥದ್ದು ಮೆತ್ತಿಕೊಂಡಾಗ ಸೋಪು ಸಾಕಷ್ಟು ಹತ್ತಿದೆ ಎಂದರ್ಥ. ಅದನ್ನು ಮುಖಕ್ಕೆ ಹಚ್ಚಿ, ಬ್ರಷ್ಷಿನ ತುದಿಯನ್ನಷ್ಟೇ ಲೋಟದ ನೀರಿಗೆ ಮುಟ್ಟಿಸಿ ಸುತ್ತಿಸುವುದು, ಮತ್ತೆ ಮುಟ್ಟಿಸುವುದು. ನಾಲ್ಕೈದು ಸಲಕ್ಕೆ ನೊರೆಯ ಮೈ ಮಿರುಗುತ್ತದೆ. ಚಿಟಿಕೆ ತೆಗೆದು ಎರಡು ಬೆರಳ ನಡುವೆ ಉಜ್ಜಿದರೆ ಲೋಳೆಸರದ ತಿರುಳಿನಂತೆ ಜಾರಬೇಕು. ಅಂಟಿದರೆ ನೀರು ಕಡಿಮೆ, ಸೋರಿದರೆ ಹೆಚ್ಚು. ಆಮೇಲೆ ಕೂದಲ ಓಟದ ಕಡೆಗೆ ಒಂದು ಸುತ್ತು, ಮತ್ತೆ ನೊರೆ ಹಚ್ಚಿ ಅಡ್ಡಡ್ಡ ಒಂದು ಸುತ್ತು. ಕುತ್ತಿಗೆಗೆ ಮೂರನೆಯ ಸುತ್ತು ನಾನು ಹೋಗುವುದಿಲ್ಲ. ತಣ್ಣೀರು, ಒದ್ದೆ ಪಟಿಕದ ಕಲ್ಲು, ಅಷ್ಟೇ. ಪಟಿಕ ಎಲ್ಲಾದರೂ ಚುರುಗುಟ್ಟಿದರೆ ಅಲ್ಲಿ ಕೈ ಒತ್ತಿತ್ತು ಎಂದು ತಿಳಿದುಕೊಳ್ಳುತ್ತೇನೆ.

ಕಪಾಟಿನ ಹಿಂದೆ ತಳ್ಳಿದ್ದ ಆ ಇಂಗ್ಲೆಂಡಿನ ಸೋಪು ಈಗ ಕನ್ನಡಿಯ ಕೆಳಗಿದೆ. ದಿನಾ ಬೆಳಿಗ್ಗೆ ಅದರ ಪಕ್ಕದಲ್ಲೊಂದು ಸ್ಟೀಲ್ ಲೋಟ. ನಡುವೆ ಹಳ್ಳ ಬಿದ್ದು ಡಬ್ಬಿಯ ತಳ ಕಾಣತೊಡಗಿದೆ. ಮುಗಿದ ಮೇಲೆ ಮತ್ತೆ ಅದನ್ನೇ ತರಿಸುತ್ತೇನೆ.