ತಿಳಿನೀರನ್ನು ನಂಬುವ ಮುನ್ನ

ಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಮೀನು ಸಾಕುವವರು ನನ್ನಲ್ಲಿ ಸಲಹೆ ಕೇಳಲು ಬಂದಾಗ ಬಹುಮಟ್ಟಿಗೆ ಒಂದೇ ಮಾತಿನಿಂದ ಆರಂಭಿಸುತ್ತಾರೆ: ನೀರು ಸ್ಫಟಿಕದ ಹಾಗೆ ತಿಳಿಯಾಗಿದೆ, ಆದರೂ ಮೀನುಗಳು ಒಂದೊಂದಾಗಿ ಸಾಯುತ್ತಿವೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ತೊಟ್ಟಿಯ ಮುಂದೆ ಕುಳಿತು, ಬೇಕಾದಷ್ಟು ಮೀನುಗಳನ್ನು ನನ್ನ ಅಜ್ಞಾನಕ್ಕೆ ಬಲಿಕೊಟ್ಟ ಮೇಲೆ ನಾನು ಕಲಿತದ್ದೇನೆಂದರೆ, ನೀರಿನ ತಿಳಿಗೂ ನೀರಿನ ಗುಣಕ್ಕೂ ಹೆಚ್ಚಿನ ಸಂಬಂಧವಿಲ್ಲ. ಮೀನನ್ನು ಕೊಲ್ಲುವ ಅಮೋನಿಯಾ, ನೈಟ್ರೈಟ್, ಕ್ಲೋರಿನ್ ಈ ಮೂರೂ ತೊಟ್ಟಿಯಲ್ಲಿ ಇರುವಷ್ಟು ಪ್ರಮಾಣದಲ್ಲಿ ಕಣ್ಣಿಗೆ ಕಾಣುವುದಿಲ್ಲ, ಬಹಳ ಸಲ ಮೂಗಿಗೂ ತಿಳಿಯುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಮರದ ಬೇರು ಹಾಕಿದ ಹೊಸ ತೊಟ್ಟಿಯ ನೀರು ಚಹಾ ಸೋಸಿಟ್ಟಂತೆ ಕಂದು ಬಣ್ಣಕ್ಕೆ ತಿರುಗಿದ್ದರೂ ಅದರೊಳಗಿನ ಮೀನುಗಳು ಸುಖವಾಗಿಯೇ ಇರುತ್ತವೆ. ಆದ್ದರಿಂದ ನೀರಿನ ಪರೀಕ್ಷೆಯನ್ನು ಹವ್ಯಾಸಿಗಳ ಅತಿಚಟ ಎಂದು ತಳ್ಳಿಹಾಕದೆ, ಅನ್ನ ಬೆಂದಿದೆಯೇ ಎಂದು ಅಗುಳು ಹಿಚುಕಿ ನೋಡುವಷ್ಟು ಸಹಜವಾದ ಕೆಲಸವೆಂದು ರೂಢಿಸಿಕೊಳ್ಳಬೇಕು.

ಈಗ ಅನೇಕ ಮನೆಗಳಲ್ಲಿ ಆರ್‌ಒ ಯಂತ್ರದ ದೆಸೆಯಿಂದ ಒಂದು ಟಿಡಿಎಸ್ ಮೀಟರ್ ಇರುತ್ತದೆ. ಅದನ್ನು ತೊಟ್ಟಿಯಲ್ಲಿ ಅದ್ದಿ, 300 ಬಂತು, ನೀರು ಚೆನ್ನಾಗಿದೆ ಎಂದು ಸಮಾಧಾನಪಡುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಆ ಮೀಟರು ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು ಅಳೆದು, ಕರಗಿರುವ ಲವಣಗಳ ಒಟ್ಟು ಪ್ರಮಾಣವನ್ನು ಅಂದಾಜಿಸುತ್ತದೆಯೇ ಹೊರತು ಕರಗಿರುವುದು ಯಾವುದೆಂದು ಹೇಳಲಾರದು. ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಸೇರಿಕೊಂಡರೆ ಮೀಟರಿನ ಅಂಕಿ ಗಮನಕ್ಕೆ ಬರುವಷ್ಟು ಬದಲಾಗದು. ಮೀನುಗಳು ಮಾತ್ರ ಉಳಿಯದೆ ಹೋಗಬಹುದು. ಮನೆಗೆ ಬರುವ ನೀರು ಇದ್ದಕ್ಕಿದ್ದಂತೆ ಕಾವೇರಿಯಿಂದ ಟ್ಯಾಂಕರಿಗೆ ಬದಲಾಯಿತೇ ಎಂದು ಪತ್ತೆಹಚ್ಚಲು ಆ ಮೀಟರು ಉಪಯುಕ್ತ, ಅಷ್ಟೇ.

ಪರೀಕ್ಷೆಯನ್ನು ತೊಟ್ಟಿಯಿಂದ ಆರಂಭಿಸಬೇಡಿ, ನಲ್ಲಿಯಿಂದ ಆರಂಭಿಸಿ. ಬೆಂಗಳೂರಿನಂತಹ ಊರಿನಲ್ಲಿ ಒಂದೇ ಸಂಪಿಗೆ ಸೋಮವಾರ ಕಾವೇರಿ ನೀರು, ಬುಧವಾರ ಕೊಳವೆಬಾವಿಯ ನೀರು, ಬೇಸಿಗೆಯಲ್ಲಿ ಟ್ಯಾಂಕರಿನ ನೀರು ಬಂದು ಸೇರುವುದುಂಟು; ಈ ಮೂರರ ಗುಣವೂ ಬೇರೆ ಬೇರೆ. ನಗರದ ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸಿರುತ್ತಾರೆ, ಮತ್ತು ಭಾರತೀಯ ಮಾನಕವಾದ ಐಎಸ್ 10500ರ ಪ್ರಕಾರ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನಮ್ಮನ್ನು ವಾಂತಿಭೇದಿಯಿಂದ ಕಾಪಾಡುವ ಆ ಕ್ಲೋರಿನ್ನೇ ಮೀನಿನ ಕಿವಿರುಗಳನ್ನು ಸುಡಬಲ್ಲದು. ಅಗಲ ಬಾಯಿಯ ಬಕೆಟ್ಟಿನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟರೆ, ಅದರಲ್ಲೂ ಏರ್ ಪಂಪಿನ ಕಲ್ಲನ್ನು ಇಳಿಬಿಟ್ಟರೆ, ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಹೈಪೋ ಹರಳನ್ನು, ಬಕೆಟ್ಟಿಗೆ ಅಕ್ಕಿಕಾಳಿನ ಗಾತ್ರದ ಎರಡು ಮೂರರಂತೆ ಹಾಕಿ ಕರಗಿಸಿದರೆ ಸಾಕು. ಹಳೆಯ ಫೋಟೋ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಬಳಸುತ್ತಿದ್ದ ಸೋಡಿಯಂ ಥಯೋಸಲ್ಫೇಟ್ ಇದೇ.

ಕೊಳವೆಬಾವಿಯ ನೀರಿನಲ್ಲಿ ಕ್ಲೋರಿನ್ನಿನ ಭಯವಿಲ್ಲ, ಆದರೆ ಗಡಸುತನವಿರುತ್ತದೆ. ತೊಗರಿಬೇಳೆ ಬೇಯಲು ತಡಮಾಡಿದರೆ, ಸೋಪು ನೊರೆ ಬಿಡದಿದ್ದರೆ, ಗೀಸರಿನ ಕಾಯಿಲಿಗೆ ಬಿಳಿಯ ಪದರ ಕಟ್ಟಿದರೆ ಗಡಸುತನವನ್ನು ಅಡುಗೆಮನೆ, ಬಚ್ಚಲುಮನೆಗಳೇ ಹೇಳಿಬಿಡುತ್ತವೆ. ಎಷ್ಟು ಎಂಬುದಕ್ಕೆ ಮಾತ್ರ ಕಿಟ್ ಬೇಕು. ಅದನ್ನು ಇಳಿಸಲು ಹೆಣಗುವುದಕ್ಕಿಂತ ಆ ನೀರಿಗೆ ಹೊಂದುವ ಮೀನನ್ನು ತರುವುದು ಜಾಣತನ. ಗಪ್ಪಿ, ಮೋಲಿ, ಪ್ಲ್ಯಾಟಿಗಳು ಗಡಸು ನೀರಿನಲ್ಲಿ ಸಂಸಾರ ಹೂಡಿ ಮರಿಗಳನ್ನೂ ಹಾಕುತ್ತವೆ, ಆದರೆ ನಿಯಾನ್ ಟೆಟ್ರಾ ಮೆದು ನೀರನ್ನು ಬೇಡುವ ಜೀವ. ಕೊಳವೆಬಾವಿಯ ನೀರಿನ ಪಿಎಚ್ (ಆಮ್ಲ-ಕ್ಷಾರ ಗುಣದ ಅಳತೆ; 7ಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ) ನೋಡುವಾಗ ಒಂದು ಎಚ್ಚರಿಕೆ ಅಗತ್ಯ: ನೆಲದಾಳದಿಂದ ಆಗಷ್ಟೇ ಮೇಲೆ ಬಂದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಕರಗಿರುವುದರಿಂದ ಪಿಎಚ್ ಕಡಿಮೆಯೆಂದು ತೋರುತ್ತದೆ, ಒಂದು ದಿನ ಬಿಟ್ಟು ನೋಡಿದರೆ ಏರಿರುತ್ತದೆ. ಎರಡನೆಯ ದಿನದ ಅಂಕಿಯನ್ನೇ ನಂಬಿ. ಇದೇ ನೀರಿನ ನೈಟ್ರೇಟನ್ನೂ ಒಮ್ಮೆ ನೋಡಿಟ್ಟುಕೊಳ್ಳಿ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂವರೆಗೆ ಇರಬಹುದೆಂದು ಮಾನಕವೇ ಹೇಳುತ್ತದೆ. ನಿಮ್ಮ ಬಾವಿಯಲ್ಲೇ 40 ಇದ್ದು ತೊಟ್ಟಿಯಲ್ಲಿ 80 ಇದ್ದರೆ, ಅರ್ಧ ನೀರು ಬದಲಿಸಿದರೂ ಅದು 60ಕ್ಕೆ ಇಳಿಯುತ್ತದೆಯೇ ವಿನಾ ನೀವು ಎಣಿಸಿದಂತೆ 40ಕ್ಕೆ ಇಳಿಯದು.

ಇನ್ನು ತೊಟ್ಟಿಯೊಳಗಿನ ವಿಚಾರ. ಮೀನು ಕಿವಿರಿನ ಮೂಲಕವೇ ಅಮೋನಿಯಾವನ್ನು ಹೊರಹಾಕುತ್ತದೆ. ಅದರ ಮಲ, ತಿಂದುಳಿದ ಕಾಳು, ಕೊಳೆತ ಎಲೆಗಳಿಂದಲೂ ಅಮೋನಿಯಾ ಹುಟ್ಟುತ್ತದೆ. ಫಿಲ್ಟರಿನ ಸ್ಪಂಜು ಮತ್ತು ಕಲ್ಲುಗಳ ಮೇಲೆ ನೆಲೆಸುವ ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟಾಗಿ, ಇನ್ನೊಂದು ಜಾತಿಯದು ಆ ನೈಟ್ರೈಟನ್ನು ನೈಟ್ರೇಟಾಗಿ ಬದಲಿಸುತ್ತದೆ. ಮೊದಲ ಎರಡೂ ವಿಷ, ಮೂರನೆಯದನ್ನು ಮೀನು ಸಾಕಷ್ಟು ಸಹಿಸಬಲ್ಲದು. ಈ ಬ್ಯಾಕ್ಟೀರಿಯಾಗಳು ಬೇರೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ತೊಟ್ಟಿ, ಮೀನು ಎರಡನ್ನೂ ಒಂದೇ ಸಂಜೆ ಕೊಂಡು ತಂದವರ ಮೀನುಗಳು ಎರಡನೆಯ ವಾರದಲ್ಲಿ ಸಾಯುವುದು ಇದೇ ಕಾರಣಕ್ಕೆ. ಹಾಲಿಗೆ ಹೆಪ್ಪು ಹಾಕದೆ ಮೊಸರಾಗಲೆಂದು ಕಾಯುವುದಕ್ಕಿಂತ ನೆರೆಮನೆಯಿಂದ ಒಂದು ಚಮಚ ಹೆಪ್ಪು ತರುವುದು ಲೇಸಲ್ಲವೇ? ಹಾಗೆಯೇ ಆರೋಗ್ಯವಾಗಿರುವ ಹಳೆಯ ತೊಟ್ಟಿಯೊಂದರ ಕೊಳೆಯಾದ ಸ್ಪಂಜಿನ ತುಂಡನ್ನು ತಂದು ನಿಮ್ಮ ಫಿಲ್ಟರಿನಲ್ಲಿಟ್ಟರೆ ಕಾಯುವ ಅವಧಿ ಬಹಳಷ್ಟು ಕಡಿಮೆಯಾಗುತ್ತದೆ. ಕಾಯ್ದದ್ದು ಸಾಕೇ ಎಂಬುದನ್ನು ದಿನಗಳ ಎಣಿಕೆಯಿಂದ ತೀರ್ಮಾನಿಸಬಾರದು. ಮೀನಿಲ್ಲದ ತೊಟ್ಟಿಗೂ ದಿನಕ್ಕೊಂದು ಚಿಟಿಕೆ ಕಾಳು ಹಾಕುತ್ತಾ ಬಂದು, ಅಮೋನಿಯಾ ಏರಿ ಇಳಿದು, ನೈಟ್ರೈಟ್ ಏರಿ ಇಳಿದು, ಎರಡೂ ಸೊನ್ನೆಯಾಗಿ ನೈಟ್ರೇಟ್ ಮಾತ್ರ ಕಂಡುಬಂದ ದಿನವೇ ಮೀನು ತರಲು ಒಳ್ಳೆಯ ದಿನ.

ಕಿಟ್‌ಗಳಲ್ಲಿ ಎರಡು ಬಗೆ, ಕಾಗದದ ಪಟ್ಟಿ ಮತ್ತು ಹನಿಗಳ ಸೀಸೆ. ಪಟ್ಟಿ ಅದ್ದಿ ನೋಡುವುದು ಸುಲಭ. ಆದರೆ ಐದಾರು ಪರೀಕ್ಷೆಗಳು ಒಟ್ಟಿಗಿರುವ ಹೆಚ್ಚಿನ ಪಟ್ಟಿಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಮೋನಿಯಾವೇ ಇರುವುದಿಲ್ಲ, ಮತ್ತು ನಮ್ಮ ಮಳೆಗಾಲದ ತೇವಕ್ಕೆ ಡಬ್ಬಿಯ ಮುಚ್ಚಳವನ್ನು ನಾಲ್ಕು ಸಲ ತೆರೆದರೆ ಪಟ್ಟಿ ಕೆಟ್ಟುಹೋಗುತ್ತದೆ. ಕರಾವಳಿಯ ಮನೆಗಳಿಗೆ ನಾನು ಪಟ್ಟಿಯನ್ನು ಸೂಚಿಸುವುದೇ ಇಲ್ಲ. ಹನಿಗಳ ಕಿಟ್ಟಿಗೆ ಮೊದಲು ಹಣ ಹೆಚ್ಚು ಬೀಳುತ್ತದೆ, ಆದರೆ ಹಲವು ತಿಂಗಳು ಬರುತ್ತದೆ. ಕೊಳ್ಳುವಾಗ ಅವಧಿ ಮುಗಿಯುವ ದಿನಾಂಕವನ್ನು ತಪ್ಪದೆ ನೋಡಬೇಕು.

ಪರೀಕ್ಷೆಯ ಗಾಜಿನ ನಳಿಕೆಯನ್ನು ಮೊದಲು ತೊಟ್ಟಿಯ ನೀರಿನಲ್ಲೇ ಎರಡು ಸಲ ಜಾಲಿಸಿ, ಮೇಲ್ಮೈಯಿಂದಲ್ಲದೆ ನಡುಮಟ್ಟದಿಂದ ನೀರು ತೆಗೆದುಕೊಳ್ಳಿ. ಗೆರೆಯವರೆಗೆ, ಸಾಮಾನ್ಯವಾಗಿ 5 ಮಿಲಿಲೀಟರ್, ಸರಿಯಾಗಿ ತುಂಬಿಸಿ. ಸೀಸೆಯನ್ನು ಓರೆಯಾಗಿ ಹಿಡಿದರೆ ಹನಿಯ ಗಾತ್ರ ಬದಲಾಗುವುದರಿಂದ ನೇರವಾಗಿ ತಲೆಕೆಳಗು ಮಾಡಿ ಹನಿಗಳನ್ನು ಎಣಿಸಿ ಬಿಡಿ. ನಳಿಕೆಯ ಬಾಯಿಗೆ ಹೆಬ್ಬೆರಳನ್ನು ಒತ್ತಿ ಅಲುಗಿಸುವ ಅಭ್ಯಾಸ ಬೇಡ. ಕೈಯ ಬೆವರು ಫಲಿತಾಂಶವನ್ನು ಕೆಡಿಸುತ್ತದೆ, ಕೆಲವು ದ್ರಾವಣಗಳಲ್ಲಿ ಆಮ್ಲ ಅಥವಾ ಕ್ಷಾರವಿರುವುದರಿಂದ ಚರ್ಮಕ್ಕೂ ಒಳ್ಳೆಯದಲ್ಲ. ನೈಟ್ರೇಟಿನ ಎರಡನೆಯ ಸೀಸೆಯ ಬಗ್ಗೆ ವಿಶೇಷವಾಗಿ ಹೇಳಬೇಕು. ಅದರ ತಳದಲ್ಲಿ ಪುಡಿ ಕೂತು ಗಟ್ಟಿಯಾಗುವುದರಿಂದ, ಅರ್ಧ ನಿಮಿಷ ಬಲವಾಗಿ ಕುಲುಕದೆ ಬಳಸಿದರೆ ನೈಟ್ರೇಟ್ ಎಷ್ಟೇ ಇದ್ದರೂ ಹಳದಿ ಬಣ್ಣವೇ ಬಂದು, ನಿಮ್ಮ ತೊಟ್ಟಿ ಪರಿಶುದ್ಧವೆಂಬ ಸುಳ್ಳು ಪ್ರಮಾಣಪತ್ರ ಸಿಗುತ್ತದೆ. ಕಿಟ್ಟಿನಲ್ಲಿ ಐದು ನಿಮಿಷ ಎಂದು ಬರೆದಿದ್ದರೆ ಗಡಿಯಾರ ನೋಡಿ ಐದೇ ನಿಮಿಷ ಕಾಯಿರಿ. ಬಣ್ಣವನ್ನು ಬಿಳಿಯ ಕಾಗದದ ಮುಂದೆ ಹಿಡಿದು ಹಗಲಿನ ಬೆಳಕಿನಲ್ಲಿ ಹೋಲಿಸಿ, ಏಕೆಂದರೆ ಹಳದಿ ಬಲ್ಬಿನ ಕೆಳಗೆ ಅಮೋನಿಯಾದ ಹಳದಿಗೂ ತಿಳಿಹಸಿರಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ನನ್ನ ಕಣ್ಣಿಗೆ ಈಗ ಅಷ್ಟು ಸೂಕ್ಷ್ಮ ಸಾಲದು. ಮೊಮ್ಮಗಳನ್ನು ಕರೆದು ತೋರಿಸಿ, ಅವಳು ಹೇಳಿದ್ದನ್ನೇ ಬರೆದುಕೊಳ್ಳುತ್ತೇನೆ.

ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆಯಿರಬೇಕು, ನೈಟ್ರೇಟ್ 40ರೊಳಗೆ, ಸಾಧ್ಯವಾದರೆ 20ರೊಳಗೆ ಇದ್ದರೆ ಚೆನ್ನ. ಆದರೆ ಅಮೋನಿಯಾದ ಅಂಕಿಯನ್ನು ಪಿಎಚ್‌ನಿಂದ ಬೇರ್ಪಡಿಸಿ ಓದಬಾರದು. ಕಿಟ್ ತೋರಿಸುವುದು ಒಟ್ಟು ಅಮೋನಿಯಾ. ಅದರಲ್ಲಿ ಒಂದು ಭಾಗ ಮಾತ್ರ ವಿಷಕಾರಿ ಅಮೋನಿಯಾ, ಉಳಿದದ್ದು ಹೆಚ್ಚು ಹಾನಿ ಮಾಡದ ಅಮೋನಿಯಂ. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದಾಗ ವಿಷದ ಭಾಗ ಶೇಕಡ 1ಕ್ಕಿಂತ ಕಡಿಮೆ, ಪಿಎಚ್ 8 ಆದರೆ ಸುಮಾರು ಶೇಕಡ 5.

ಇದನ್ನು ನಾನು ಓದಿ ಕಲಿಯುವ ಮೊದಲು ಕಳೆದುಕೊಂಡು ಕಲಿತೆ. ಆಗ ನಮ್ಮ ತೊಟ್ಟಿಯಲ್ಲಿ ಏಂಜೆಲ್ ಮೀನು, ಟೆಟ್ರಾಗಳಿದ್ದವು. ಮಳೆನೀರು ಮತ್ತು ಆರ್‌ಒ ನೀರು ಬೆರೆಸಿದ ಮೆದು ನೀರನ್ನು ಹಾಕುತ್ತಿದ್ದೆ. ಮಗಳ ಬಾಣಂತನಕ್ಕೆಂದು ಮೂರು ತಿಂಗಳು ಪುಣೆಯಲ್ಲಿ ಉಳಿಯಬೇಕಾಯಿತು. ಮನೆಯವರು ಪಾಪ, ಮೀನಿಗೆ ಕೈತುಂಬ ಕಾಳು ಹಾಕಿ, ಆರಿಹೋದಷ್ಟು ನೀರಿಗೆ ಆರ್‌ಒ ನೀರನ್ನು ತುಂಬುತ್ತಾ ಬಂದರು, ಹಳೆಯ ನೀರನ್ನು ಮಾತ್ರ ಒಮ್ಮೆಯೂ ತೆಗೆಯಲಿಲ್ಲ. ನಾನು ಬಂದಾಗ ನೀರು ತಿಳಿಯಾಗಿಯೇ ಇತ್ತು, ಮೀನುಗಳು ಕೊಂಚ ಮಂಕಾಗಿದ್ದವು. ಪರೀಕ್ಷೆ ಮಾಡದೆ, ಒಳ್ಳೆಯದಾಗಲೆಂದು ಅರ್ಧ ನೀರನ್ನು ಚೆಲ್ಲಿ ಕೊಳವೆಬಾವಿಯ ನೀರನ್ನು ತುಂಬಿಸಿದೆ. ಮರುದಿನ ಬೆಳಗ್ಗೆ ಒಂದೂ ಉಳಿದಿರಲಿಲ್ಲ. ಆಗಿದ್ದು ಇಷ್ಟು: ನೀರಿನ ಪಿಎಚ್ಚನ್ನು ಹಿಡಿದಿಡುವ ಕಾರ್ಬೊನೇಟುಗಳು ಬ್ಯಾಕ್ಟೀರಿಯಾದ ಕೆಲಸದಲ್ಲೇ ಖರ್ಚಾಗುತ್ತಾ ಹೋದವು, ಆರ್‌ಒ ನೀರು ಅವುಗಳನ್ನು ಮರಳಿ ತುಂಬಲಿಲ್ಲ, ಪಿಎಚ್ 6ರ ಆಸುಪಾಸಿಗೆ ಕುಸಿದು ಬ್ಯಾಕ್ಟೀರಿಯಾ ಮಂದವಾಗಿ, ಅಮೋನಿಯಾ ಒಟ್ಟುಗೂಡಿತು. ಕಡಿಮೆ ಪಿಎಚ್‌ನಲ್ಲಿ ನಿರುಪದ್ರವಿಯಾಗಿದ್ದ ಆ ಅಮೋನಿಯಂ, ನಾನು ಸುರಿದ ಗಡಸು ನೀರಿನಿಂದ ಪಿಎಚ್ ಏರಿದ ಕೂಡಲೇ ವಿಷವಾಯಿತು. ಹಳೆಯ ತೊಟ್ಟಿಯ ಪಿಎಚ್ ಇಳಿದು ಅಮೋನಿಯಾ ಏರಿದ್ದನ್ನು ಕಂಡರೆ, ದಿನಕ್ಕೆ ಹತ್ತನೆಯ ಒಂದು ಭಾಗದಂತೆ ನೀರು ಬದಲಿಸುತ್ತಾ ನಿಧಾನವಾಗಿ ಸರಿಪಡಿಸಬೇಕು. ಆರ್‌ಒ ನೀರನ್ನೇ ಬಳಸುವವರು ಈ ಕಾರ್ಬೊನೇಟುಗಳನ್ನು ಅಳೆಯುವ ಕೆಎಚ್ ಎಂಬ ಪರೀಕ್ಷೆಯನ್ನು ತಿಂಗಳಿಗೊಮ್ಮೆಯಾದರೂ ಮಾಡಲೇಬೇಕು. ಬಣ್ಣ ಬದಲಾಗಲು ಎಷ್ಟು ಹನಿ ಬೇಕಾಯಿತೋ ಅಷ್ಟು ಡಿಗ್ರಿ, ಅದು ಮೂರಕ್ಕಿಂತ ಕೆಳಗಿಳಿಯದಂತೆ ನೋಡಿಕೊಂಡರೆ ಸಾಕು.

ಸಹಜ ಸ್ಥಿತಿಯಲ್ಲಿರುವ ತೊಟ್ಟಿಯಲ್ಲಿ ಅಮೋನಿಯಾವೋ ನೈಟ್ರೈಟೋ ಕಾಣಿಸಿಕೊಂಡರೆ, ಕ್ಲೋರಿನ್ ತೆಗೆದ ನೀರಿನಿಂದ ಕಾಲುಭಾಗದಿಂದ ಅರ್ಧದವರೆಗೆ ಬದಲಿಸಿ, ಎರಡು ದಿನ ಮೀನಿಗೆ ಉಪವಾಸ ಹಾಕಿ. ಏಕಾದಶಿ ಮಾಡಿದ ಮೀನು ಸತ್ತದ್ದನ್ನು ನಾನು ಕಂಡಿಲ್ಲ. ನೈಟ್ರೈಟ್ ರಕ್ತದ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕುಂದಿಸುವುದರಿಂದ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ; ಆಗ 40 ಲೀಟರಿಗೆ ಒಂದು ಟೀ ಚಮಚದಷ್ಟು ಕಲ್ಲುಪ್ಪನ್ನು ಕರಗಿಸಿ ಹಾಕಿದರೆ, ಉಪ್ಪಿನ ಕ್ಲೋರೈಡ್ ಕಿವಿರಿನ ಮೂಲಕ ನೈಟ್ರೈಟ್ ಒಳನುಗ್ಗುವುದನ್ನು ತಡೆಯುತ್ತದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗೆ ಲೆಕ್ಕದಲ್ಲಿ 56 ಲೀಟರ್ ಬಂದರೂ ಕಲ್ಲು ಮತ್ತು ಮೇಲಿನ ಖಾಲಿ ಜಾಗ ಕಳೆದರೆ 45 ಲೀಟರ್ ಎಂದು ಹಿಡಿಯಿರಿ. ಫಿಲ್ಟರಿನ ಸ್ಪಂಜನ್ನು ಇತ್ತೀಚೆಗೆ ನಲ್ಲಿಯ ಕೆಳಗೆ ಹಿಂಡಿ ತೊಳೆದಿದ್ದರೆ ಅದರಲ್ಲಿನ ಬ್ಯಾಕ್ಟೀರಿಯಾ ನಾಶವಾಗಿರುವುದರಿಂದ ಕಾರಣವನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ. ಬದಲಿಸಲೆಂದು ತೆಗೆದ ತೊಟ್ಟಿಯ ನೀರಿನಲ್ಲೇ ಅದನ್ನು ಮೆಲ್ಲಗೆ ಅದುಮಿ ತೊಳೆಯಬೇಕು. ಕರೆಂಟು ಅರ್ಧ ದಿನ ಹೋಗಿ ಬಂದಾಗಲೂ ಮರುದಿನ ಒಂದು ಪರೀಕ್ಷೆ ಮಾಡುವುದು ಒಳ್ಳೆಯದು.

ಎಲ್ಲ ಅಂಕಿಗಳೂ ಸರಿಯಿದ್ದು ಮೀನು ಮಾತ್ರ ಏದುಸಿರು ಬಿಡುತ್ತಿದ್ದರೆ ಥರ್ಮಾಮೀಟರ್ ನೋಡಿ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯ ನೀರು ಏಳೂವರೆಯಷ್ಟನ್ನೇ ಹಿಡಿದಿಡಬಲ್ಲದು. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮೀನುಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತು ತೇಲಿದಾಗಲೂ ಆಮ್ಲಜನಕದ ಕೊರತೆಯ ಮಾತೇ ಮುಂದೆ ಬಂದಿತ್ತು. ಬೇಸಿಗೆಯಲ್ಲಿ ಏರ್ ಪಂಪನ್ನು ರಾತ್ರಿಯೂ ನಿಲ್ಲಿಸಬೇಡಿ. ಗಿಡಗಳಿರುವ ತೊಟ್ಟಿಯಲ್ಲಿ ನಸುಕಿನ ಹೊತ್ತಿಗೇ ಆಮ್ಲಜನಕ ಅತ್ಯಂತ ಕಡಿಮೆಯಿರುತ್ತದೆ. ಅಂತಹ ತೊಟ್ಟಿಯಲ್ಲಿ ಪಿಎಚ್ ಕೂಡ ಬೆಳಗ್ಗೆ ಇಳಿದು ಸಂಜೆ ಏರುವುದರಿಂದ, ಪ್ರತಿ ಸಲವೂ ಒಂದೇ ಹೊತ್ತಿನಲ್ಲಿ ಪರೀಕ್ಷಿಸದಿದ್ದರೆ ಇಲ್ಲದ ಏರುಪೇರು ಕಂಡು ಗಾಬರಿಯಾಗುತ್ತದೆ.

ನಾನು ಭಾನುವಾರ ಬೆಳಗ್ಗೆ, ಕಾಳು ಹಾಕುವ ಮೊದಲು ಮತ್ತು ನೀರು ಬದಲಿಸುವ ಮೊದಲು ಪರೀಕ್ಷೆ ಮಾಡಿ, ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂಬದಿಯ ಪುಟಗಳಲ್ಲಿ ತಾರೀಖು, ಉಷ್ಣತೆ, ನಾಲ್ಕು ಅಂಕಿ, ಆ ವಾರ ಸಂಪಿಗೆ ಬಂದ ನೀರು ಯಾವುದು ಎಂಬುದನ್ನು ಬರೆದಿಡುತ್ತೇನೆ. ಪರೀಕ್ಷೆ ಮಾಡಿದ ನೀರನ್ನು ತೊಟ್ಟಿಗೆ ಮರಳಿ ಸುರಿಯದೆ ಬಚ್ಚಲಿಗೆ ಚೆಲ್ಲಿ ಮೇಲಿಂದ ನೀರು ಬಿಡಬೇಕು. ಸೀಸೆಗಳು ಮಕ್ಕಳ ಕೈಗೆ ಸಿಗದ ಕಪಾಟಿನಲ್ಲಿ, ಅಡುಗೆಯ ಎಸೆನ್ಸ್ ಸೀಸೆಗಳಿಂದ ದೂರವಿರಬೇಕು. ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿ ನೈಟ್ರೇಟ್ ಇರುವುದರಿಂದ ಕರಿಬೇವು, ದಾಸವಾಳದ ಕುಂಡಗಳಿಗೆ ಅದು ಗೊಬ್ಬರವಾಗುತ್ತದೆ, ಆದರೆ ಉಪ್ಪು ಹಾಕಿದ ವಾರದ ನೀರನ್ನು ಕುಂಡಗಳಿಗೆ ಹಾಕಬೇಡಿ.