ಹರಿಕೇನ್‌ಗೆ ಮುಂಚೆ: ಪೆಟ್ರೋಲ್, ನೀರು, ಅವಲಕ್ಕಿ

ಫ್ಲಾರಿಡಾದಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಹರಿಕೇನ್ ಕಾಲ, ಅಂದರೆ ಚಂಡಮಾರುತದ ಕಾಲ. ಟ್ಯಾಂಪಾ, ಒರ್ಲ್ಯಾಂಡೊ ಕಡೆ ಹೊಸದಾಗಿ ಮನೆ ಮಾಡಿದವರು ಬಿರುಗಾಳಿಯ ಹೆಸರು ಟಿವಿಯಲ್ಲಿ ಬಂದ ಮೇಲೆ ಅಂಗಡಿಗೆ ಓಡಿದರೆ ತಡವಾಗಿಬಿಡುತ್ತದೆ. ಮೊದಲು ಖಾಲಿಯಾಗುವುದು ನೀರು ಮತ್ತು ಪೆಟ್ರೋಲ್.

ಪೆಟ್ರೋಲ್ ಯಾಕೆ ಅಷ್ಟು ಬೇಗ ಮುಗಿಯುತ್ತದೆ? ಫ್ಲಾರಿಡಾದಲ್ಲಿ ತೈಲ ಸಂಸ್ಕರಣಾ ಘಟಕವೇ ಇಲ್ಲ. ಬೇಕಾದ ಪೆಟ್ರೋಲ್‌ನ ಬಹುಪಾಲು ಹಡಗಿನಲ್ಲಿ ಟ್ಯಾಂಪಾ, ಪೋರ್ಟ್ ಎವರ್‌ಗ್ಲೇಡ್ಸ್‌ನಂಥ ಬಂದರುಗಳಿಗೆ ಬರುತ್ತದೆ. ಅಲ್ಲಿಂದ ಟ್ಯಾಂಕರ್‌ಗಳಲ್ಲಿ ಬಂಕ್‌ಗಳಿಗೆ. ಬಿರುಗಾಳಿ ಹತ್ತಿರ ಬಂತೆಂದರೆ ಕೋಸ್ಟ್ ಗಾರ್ಡ್ ಬಂದರು ಮುಚ್ಚಿಸುತ್ತದೆ. ಜನ ಮುಗಿಬೀಳುವ ಹೊತ್ತಿಗೇ ಸರಬರಾಜು ನಿಲ್ಲುತ್ತದೆ. 2024ರ ಅಕ್ಟೋಬರ್‌ನಲ್ಲಿ ಮಿಲ್ಟನ್ ಎಂಬ ಹರಿಕೇನ್ ಬರುವ ಮುಂಚೆಯೇ ರಾಜ್ಯದ ಸುಮಾರು ಕಾಲು ಭಾಗ ಬಂಕ್‌ಗಳಲ್ಲಿ ಪೆಟ್ರೋಲ್ ಇರಲಿಲ್ಲ.

ಆದ್ದರಿಂದ ಈ ಆರು ತಿಂಗಳು ಕಾರಿನ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ಬಿರುಗಾಳಿ ಹುಟ್ಟಿದ ಸುದ್ದಿ ಬಂದ ದಿನವೇ ಟ್ಯಾಂಕ್ ತುಂಬಿಸಿ. ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರ 'ವಾಚ್' (ಹರಿಕೇನ್ ಬರಬಹುದು ಎಂಬ ಸೂಚನೆ) ಘೋಷಿಸುವುದು ಜೋರು ಗಾಳಿ ಶುರುವಾಗಲು ಸುಮಾರು 48 ಗಂಟೆ ಇರುವಾಗ. 'ವಾರ್ನಿಂಗ್' (ಬರಲಿದೆ ಎಂಬ ಎಚ್ಚರಿಕೆ) ಸುಮಾರು 36 ಗಂಟೆ ಇರುವಾಗ. ಅಲ್ಲಿಯವರೆಗೆ ಕಾದರೆ ಉದ್ದದ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಇನ್ನೊಂದು ಮಾತು. ನಿಮ್ಮ ಮನೆ ಯಾವ ತೆರವು ವಲಯದಲ್ಲಿದೆ (ಯಾರು ಮೊದಲು ಮನೆ ಬಿಡಬೇಕೆಂದು ಗುರುತಿಸಿದ ಪ್ರದೇಶ) ಎಂದು ಇವತ್ತೇ ನೋಡಿಕೊಳ್ಳಿ. 'ಎ' ವಲಯದವರು ಎಲ್ಲರಿಗಿಂತ ಮೊದಲು ಹೊರಡಬೇಕು. ಹೊರಡುವುದೆಂದರೆ ಜಾರ್ಜಿಯಾ ದಾಟುವುದು ಅಂತಲ್ಲ. ಸಮುದ್ರದ ನೀರು ನುಗ್ಗದ ಎತ್ತರದ ಜಾಗ ಹತ್ತಾರು ಮೈಲಿ ದೂರದಲ್ಲೇ ಸಿಗಬಹುದು. 2005ರಲ್ಲಿ ರೀಟಾ ಹರಿಕೇನ್ ಬರುತ್ತದೆಂದು ಟೆಕ್ಸಾಸ್‌ನ ಹ್ಯೂಸ್ಟನ್ ಸುತ್ತಲಿನ ಜನ ಒಮ್ಮೆಲೇ ರಸ್ತೆಗಿಳಿದರು. ಸುಡುಬಿಸಿಲಲ್ಲಿ ಗಂಟೆಗಟ್ಟಲೆ ನಿಂತ ಕಾರುಗಳು ಪೆಟ್ರೋಲ್ ಮುಗಿದು ದಾರಿಯಲ್ಲೇ ಉಳಿದವು. ಎಷ್ಟೋ ಜನ ಆ ಪ್ರಯಾಣದಲ್ಲೇ ಸತ್ತರು. ಬೇಗ ಹೊರಟು ಹತ್ತಿರದಲ್ಲೇ ಉಳಿದರೆ ಒಂದು ಟ್ಯಾಂಕ್ ಸಾಕು.

ಜನರೇಟರ್ ಇದ್ದವರು ಮೊದಲು ಲೆಕ್ಕ ಹಾಕಿ. ಮಧ್ಯಮ ಗಾತ್ರದ ಜನರೇಟರ್ ಅರ್ಧ ಲೋಡ್‌ನಲ್ಲಿ ಓಡಿದರೆ 5 ಗ್ಯಾಲನ್ ಸುಮಾರು 8 ಗಂಟೆಗೆ ಮುಗಿಯುತ್ತದೆ. ಹಗಲು ರಾತ್ರಿ ಎಸಿ ಓಡಿಸುವ ಆಸೆ ಬಿಡಿ. ದಿನಕ್ಕೆ 4 ಗಂಟೆ ಫ್ರಿಜ್, ಫೋನ್, ಫ್ಯಾನ್ ಅಂದುಕೊಂಡರೆ 5 ಗ್ಯಾಲನ್‌ನ ಎರಡು ಕ್ಯಾನ್‌ಗಳಲ್ಲಿ 4 ದಿನ ದೂಡಬಹುದು. ಅದಕ್ಕಿಂತ ಜಾಸ್ತಿ ಮನೆಯಲ್ಲಿಡುವುದು ಅಪಾಯ. ಪಕ್ಕದ ಮನೆಯವರಿಗೂ ಪೆಟ್ರೋಲ್ ಸಿಗಬೇಕು ಅಲ್ವಾ?

ಪೆಟ್ರೋಲ್‌ಗೆಂದೇ ಮಾಡಿದ ಕೆಂಪು ಕ್ಯಾನ್ ತನ್ನಿ. ಹಾಲಿನ ಡಬ್ಬ, ನೀರಿನ ಬಾಟಲಿ ಬೇಡವೇ ಬೇಡ. ಕ್ಯಾನ್ ನೆಲದ ಮೇಲಿಟ್ಟೇ ತುಂಬಿಸಿ. ಡಿಕ್ಕಿಯಲ್ಲಿಟ್ಟು ತುಂಬಿಸಿದರೆ ಸ್ಥಿರ ವಿದ್ಯುತ್ತಿನ ಕಿಡಿಗೆ ಬೆಂಕಿ ಹತ್ತಬಹುದು. ಬಿಸಿಗೆ ಪೆಟ್ರೋಲ್ ಹಿಗ್ಗುತ್ತದೆ, ಮೇಲೆ ಸ್ವಲ್ಪ ಜಾಗ ಬಿಡಿ. ಕ್ಯಾನ್ ಮನೆಯೊಳಗೆ ಬೇಡ, ಹೊರಗಿನ ಶೆಡ್‌ನಲ್ಲಿರಲಿ.

ಜನರೇಟರ್ ಮನೆಯಿಂದ ಕನಿಷ್ಠ 20 ಅಡಿ ದೂರ ಇರಬೇಕು. ಬಾಗಿಲು ತೆರೆದಿದ್ದರೂ ಗ್ಯಾರೇಜಿನಲ್ಲಿ ಓಡಿಸಬೇಡಿ. ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. 2020ರ ಲಾರಾ ನಂತರ ಲೂಯಿಸಿಯಾನದಲ್ಲಿ ಗಾಳಿ ನಿಂತ ಮೇಲೂ ಜನ ಸತ್ತದ್ದು ಈ ವಿಷದಿಂದ. ಈ ವಿಷಾನಿಲ ಪತ್ತೆಹಚ್ಚುವ, ಬ್ಯಾಟರಿಯಲ್ಲಿ ನಡೆಯುವ ಅಲಾರಂ ಒಂದನ್ನು ಮಲಗುವ ಕೋಣೆ ಹತ್ತಿರ ಹಾಕಿ. ಜನರೇಟರ್ ತಣ್ಣಗಾದ ಮೇಲಷ್ಟೇ ಮತ್ತೆ ಪೆಟ್ರೋಲ್ ಸುರಿಯಿರಿ.

ನೀರಿನ ಲೆಕ್ಕ ಸುಲಭ. ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್. ನಾಲ್ವರಿಗೆ ಒಂದು ವಾರಕ್ಕೆ 28 ಗ್ಯಾಲನ್. ಗಾಳಿ ಬರುವ ಹಿಂದಿನ ದಿನ ಬಾತ್‌ಟಬ್ ತುಂಬಿಸಿದರೆ ಫ್ಲಶ್‌ಗೆ ಆಗುತ್ತದೆ.

ಊಟದ ವಿಷಯದಲ್ಲಿ ನಮಗೆ ಒಂದು ಅನುಕೂಲವಿದೆ. ಕರೆಂಟ್ ಒಲೆ ಹತ್ತದಿದ್ದರೆ ಅಕ್ಕಿ ಮೂಟೆ ಇದ್ದೂ ಉಪಯೋಗವಿಲ್ಲ. ಆದರೆ ತೆಳು ಅವಲಕ್ಕಿಗೆ ಒಲೆಯೇ ಬೇಡ. ಚಟ್ನಿಪುಡಿ, ಹುರಿಗಡಲೆ, ಬೆಲ್ಲ, ಹುರಿಹಿಟ್ಟು, ಕಡಲೆಕಾಯಿ, ಹಾಲಿನ ಪುಡಿ ಇದ್ದರೆ ಮಕ್ಕಳೂ ಹಿರಿಯರೂ ಹೊಟ್ಟೆ ತುಂಬ ತಿನ್ನಬಹುದು. ಕ್ಯಾಂಪ್ ಸ್ಟವ್ ಹಚ್ಚುವುದಾದರೆ ಹೊರಗೆ ಮಾತ್ರ. ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ, ತುಂಬಿದ ಫ್ರೀಜರ್ ಸುಮಾರು 48 ಗಂಟೆ ತಂಪಾಗಿರುತ್ತದೆ. ಫ್ರೀಜರ್‌ನ ಖಾಲಿ ಜಾಗದಲ್ಲಿ ಈಗಲೇ ನೀರಿನ ಬಾಟಲಿ ಇಟ್ಟು ಐಸ್ ಮಾಡಿ.

ಊರಿಂದ ಅಪ್ಪ ಅಮ್ಮ ಬಂದಿದ್ದಾರಾ? ಅವರ ಬಿಪಿ, ಶುಗರ್ ಮಾತ್ರೆಗಳನ್ನು ಎಣಿಸಿ. ಭಾರತದ ಚೀಟಿಗೆ ಇಲ್ಲಿನ ಫಾರ್ಮಸಿ ಮಾತ್ರೆ ಕೊಡುವುದಿಲ್ಲ. ಕಡಿಮೆ ಬೀಳುವಂತಿದ್ದರೆ ಗಾಳಿಗೆ ಮುಂಚೆಯೇ ಇಲ್ಲಿನ ವೈದ್ಯರನ್ನು ಕಾಣಿ. ಪಾಸ್‌ಪೋರ್ಟ್, ಒಸಿಐ ಕಾರ್ಡ್, ವೀಸಾ ಕಾಗದ, ವಿಮೆ ಪತ್ರಗಳನ್ನು ನೀರು ಹೋಗದ ಚೀಲಕ್ಕೆ ಹಾಕಿಡಿ. ಚಿಲ್ಲರೆ ನೋಟುಗಳೂ ಇರಲಿ. ಕರೆಂಟ್ ಇಲ್ಲದಾಗ ಕಾರ್ಡ್ ನಡೆಯುವುದಿಲ್ಲ.

ಎಲೆಕ್ಟ್ರಿಕ್ ಕಾರಿದ್ದರೆ ಪೂರ್ತಿ ಚಾರ್ಜ್ ಮಾಡಿ ಎತ್ತರದ ಜಾಗದಲ್ಲಿ ನಿಲ್ಲಿಸಿ. 2022ರಲ್ಲಿ ಇಯಾನ್ ಬಂದು ಹೋದ ಮೇಲೆ ಉಪ್ಪು ನೀರಲ್ಲಿ ಮುಳುಗಿದ್ದ ಕೆಲವು ಕಾರುಗಳ ಬ್ಯಾಟರಿಗೆ ಬೆಂಕಿ ಹತ್ತಿತ್ತು.

ಕ್ಯಾನ್‌ನಲ್ಲಿ ಉಳಿದ ಪೆಟ್ರೋಲನ್ನು ಮುಂದಿನ ವರ್ಷಕ್ಕೆ ಇಡಬೇಡಿ, ಹಳತಾದರೆ ಎಂಜಿನ್ ಕೆಡುತ್ತದೆ. ನವೆಂಬರ್ ಮುಗಿಯುತ್ತಿದ್ದಂತೆ ಕಾರಿಗೆ ಸುರಿದು, ಖಾಲಿ ಕ್ಯಾನನ್ನು ಮುಚ್ಚಳ ಬಿಗಿದು ಶೆಡ್‌ನಲ್ಲಿಡಿ.